ಇಲಿ ಓಡಿತು, ದೊಡ್ಡಪ್ಪ ನಡೆದ

ಈಗಲೂ ಹುರುಳಿ ಸಾರಿನ ವಾಸನೆ ಬಂದರೆ ನನಗೆ ಬಸ್ಸಿನ ಬ್ರೇಕು ಕೇಳುತ್ತದೆ. ಊಟಕ್ಕೆ ಕರೆದವರಿಗೆ ಇದನ್ನು ವಿವರಿಸುವುದು ಕಷ್ಟ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಕೆಲಸ ಇಲಿ ನೋಡಿಕೊಳ್ಳುವುದಾಗಿತ್ತು. ಅಲ್‌ಝೈಮರ್ ಬರಲೆಂದೇ ಬೆಳೆಸಿದ ಇಲಿಗಳು, ಗೂಡಿಗೊಂದು ಚಕ್ರ. ಓಡಿದರೆ ಮರೆವು ತಡವಾಗುತ್ತದೆಯೇ, ಹೆಣ್ಣಿಗೂ ಗಂಡಿಗೂ ಒಂದೇ ತರವೇ ಎಂಬುದು ಪ್ರಶ್ನೆ. ನಮ್ಮ ಹೆಣ್ಣಿಲಿಗಳು ದೀಪ ಆರಿಸಿದ್ದೇ ತಡ, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿದ್ದವು. ಗಂಡುಗಳು ಒಂದಿಷ್ಟು ಓಡಿ ಚಕ್ರದೊಳಗೇ ಮಲಗುತ್ತಿದ್ದವು. ನೆನಪು ಪರೀಕ್ಷಿಸಲು ನೀರಿನ ತೊಟ್ಟಿಗೆ ಬಿಟ್ಟರೆ, ಹತ್ತಿ ನಿಲ್ಲಲು ಮುಳುಗಿಸಿಟ್ಟ ಮಣೆ ಎಲ್ಲಿದೆಯೆಂದು ಹೆಣ್ಣುಗಳಿಗೆ ಬೇಗ ನೆನಪಾಗುತ್ತಿತ್ತು. ಗಂಡುಗಳು ಈಜುತ್ತಲೇ ಇರುತ್ತಿದ್ದವು. ಹೆಚ್ಚು ಓಡಿದ್ದಕ್ಕೋ ಹೆಣ್ಣಾಗಿದ್ದಕ್ಕೋ ಎಂದು ಕೇಳಿದರೆ ನಮ್ಮ ಮೇಷ್ಟ್ರು, ಬೇರೆ ಲ್ಯಾಬುಗಳಲ್ಲಿ ಉಲ್ಟಾ ಬಂದಿರುವುದೂ ಉಂಟು, ಸುಮ್ಮನೆ ಗೂಡು ತೊಳಿ ಎನ್ನುತ್ತಿದ್ದರು.

ನಾಗಮಂಗಲ ರಸ್ತೆ ಪಕ್ಕದ ನಮ್ಮೂರಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರಿಗೂ ಅದೇ ಕಾಯಿಲೆ. ಮೊದಲು ಹಿಡಿದದ್ದು ದೊಡ್ಡಮ್ಮನಿಗೆ. ಆದರೆ ಆಕೆ ಕೊಟ್ಟಿಗೆ, ಹಿತ್ತಿಲು, ಡೈರಿ ಎಂದು ದಿನವಿಡೀ ಸುತ್ತುತ್ತ, ನನ್ನನ್ನು ನನ್ನಮ್ಮನ ಹೆಸರಿನಿಂದ ಕರೆಯುವುದೊಂದು ಬಿಟ್ಟರೆ ಹಾಗೇ ಇದ್ದಳು. ಜಗುಲಿ ಬಿಟ್ಟೇಳದ ದೊಡ್ಡಪ್ಪ ಮಾತ್ರ ದಿನೇ ದಿನೇ ಕಳೆದುಹೋಗುತ್ತಿದ್ದ. ಪಾಂಡವಪುರದ ಡಾಕ್ಟರು ನಡೆಸಿ ಎಂದರು. ನಾನು ಇಲಿಗಳ ಸಾಕ್ಷಿ ಸೇರಿಸಿದೆ.

“ನಿನ್ನಿಲಿ ನಮ್ಮ ಕೊಟ್ಟಿಗೇಲಿ ಸಗಣಿ ಬಾಚ್ಲಿ ಕಣವ್ವ, ಆಮೇಲೆ ನೋಡಾನ ಅದ್ರ ಗ್ಯಾಪಕವ,” ಎಂದಳು ದೊಡ್ಡಮ್ಮ. ಆದರೂ ಗಂಡನ ಕಾಲಿಗೆ ಚಪ್ಪಲಿ ತೊಡಿಸಿ ನನ್ನ ಜೊತೆ ಕಳಿಸಿದಳು.

ಹುರುಳಿ ಕಿತ್ತ ಕಾಲ. ಈಗ ಕಣ ಮಾಡುವವರು ಯಾರು? ಗಿಡ ತಂದು ರಸ್ತೆಗೆ ಹರಡಿದರೆ ಬಸ್ಸು, ಲಾರಿ ತುಳಿದು ಬಿಟ್ಟಿ ಒಕ್ಕಣೆ. ನಾನು ಚಪ್ಪಲಿಗೆ ಚುಚ್ಚಿದ ಮುಳ್ಳು ಕೀಳಲು ಬಗ್ಗಿದ್ದೆ. ತಲೆ ಎತ್ತಿದರೆ ದೊಡ್ಡಪ್ಪ ರಸ್ತೆ ನಡುವೆ, ಹುರುಳಿ ಗಿಡದ ಮೇಲೆ, ಕಾಲಿಂದ ಅದನ್ನು ತಿರುವಿ ಹಾಕುತ್ತ ಗುಂಡಗೆ ಸುತ್ತುತ್ತಿದ್ದಾನೆ. ಅಷ್ಟು ಚುರುಕಾಗಿ ಅವನು ನಡೆದದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ಅವನ ಪಾಲಿಗೆ ಅದು ಕಣ.

ತಿರುವಿನಲ್ಲಿ ಬಸ್ಸು ಬಂತು. ಕೂಗುತ್ತ ಓಡಿದೆ. ಹುರುಳಿ ಮೇಲೆ ಬ್ರೇಕು ಹಿಡಿಯುತ್ತದೆಯೇ? ಬಸ್ಸು ಅಡ್ಡಡ್ಡ ಜಾರಿತು. ದೊಡ್ಡಪ್ಪ ಎತ್ತು ನಿಲ್ಲಿಸುವವನಂತೆ ಕೈ ಮುಂದೆ ಚಾಚಿದ. ಬಸ್ಸು ನಿಂತಾಗ ಅವನ ಅಂಗೈ ಅದರ ಮೂತಿಯ ಮೇಲಿತ್ತು. ಅದನ್ನು ಸವರಿ, ಡ್ರೈವರನ್ನು ನೋಡಿ ಹೇಳಿದ: “ನಿಂತ್ಕಂಡ್ರೆ ಒಕ್ಕಣೆ ಆಯ್ತದೇನ್ಲಾ? ಸುತ್ತಾಕು.”

ಬೈಯಲೆಂದು ಇಳಿದ ಡ್ರೈವರು ಟೈರಿಗೆ ಒರಗಿ ಕೂತ. ಅವನ ಪಕ್ಕ ನಾನೂ ಕೂತೆ. ಇಲಿ ಎಷ್ಟು ಓಡಿದರೂ ಗೂಡಿನಲ್ಲೇ ಇರುತ್ತದೆ; ಮನುಷ್ಯ ನಡೆದರೆ ಎಲ್ಲಿಗಾದರೂ ಹೋಗುತ್ತಾನೆ. ಎಂ.ಎಸ್ಸಿ.ಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ಅವನನ್ನು ಜಗುಲಿ ಇಳಿಸುವುದೇ ಬೇಡ ಎಂದು ನಾನು ಮನೆಯಲ್ಲಿ ಅಳುತ್ತ ಹೇಳಿದೆ.

“ಕೂತ್ರೆ ಕೂತಂಗೇ ಒಂಟೋಯ್ತನೆ. ಸುಮ್ಕಿರು,” ಎಂದ ದೊಡ್ಡಮ್ಮ ಹಿತ್ತಿಲ ತೆಂಗಿನ ಮರದ ಸುತ್ತ ಹುರುಳಿ ಗಿಡ ಹರಡಿ, ಅವನ ಕೈಗೆ ಕೋಲು ಕೊಟ್ಟಳು. ಅವನು ನಿಂತೇ ಇದ್ದ. ಕಣ ಇದೆ, ಎತ್ತೆಲ್ಲಿ? ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ಅವನು ಹಿಂದೆ ಹೊರಟ.

ಈಗ ದಿನ ಬೆಳಿಗ್ಗೆ ಅದೇ. ಊರಿಗೆ ಹೋದಾಗ ನಾನು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ, ಅಗುಳಿ ನಂಬದೆ ಅಲ್ಲೇ ಕೂರುತ್ತೇನೆ. ಹಾರನ್ ಕೇಳಿದರೆ ಎದ್ದು ನಿಲ್ಲುತ್ತೇನೆ. ಮೊನ್ನೆ ಸುತ್ತುತ್ತ ಸುತ್ತುತ್ತ ಅವನು ಕೋಲೆತ್ತಿದ. ದೊಡ್ಡಮ್ಮ ತಿರುಗಿಯೂ ನೋಡಲಿಲ್ಲ.

“ಒಡ್ದುಗಿಡ್ದುಬುಟ್ಟೀಯ. ಈ ಎತ್ತು ಒದೀತದೆ.”

ಅವನು ಕೋಲು ಇಳಿಸಿದ. ಅಷ್ಟು ನೆನಪಿತ್ತು.