ಬಾಯಿಕುಕ್ಕೆ ಬಿಚ್ಚಿದ ಡ್ರೈವು

ತೋರುಬೆರಳಿಗೆ ಸೀಡಿ ಸಿಕ್ಕಿಸಿಕೊಂಡು, ಒಂದು ಕಣ್ಣು ಮುಚ್ಚಿ, ಖೋಟಾ ನೋಟು ಸಿಕ್ಕಿದವರ ಹಾಗೆ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು ಚಳ್ಳಕೆರೆಯ ಆ ಸೀಡಿ ಅಂಗಡಿಯವರು. ಅವರಿಗೆ ಗಿರಾಕಿ ತಂದ ಸೀಡಿಯ ಮೇಲೆ ಅನುಮಾನ, ಗಿರಾಕಿಗೆ ಅವರ ಮೇಲೆ ಅನುಮಾನ. ಕಾರಣ, ಅವರ ಕೆಲಸ ವಿಪರೀತ ಬೇಗ ಮುಗಿಯುತ್ತಿತ್ತು.

ಅಕ್ಕನ ಮದುವೆಯ ಸೀಡಿಯನ್ನು ಪೆನ್‌ಡ್ರೈವಿಗೆ ಹಾಕಿಸಲು ನಾನೂ ಅವ್ವನೂ ರಾಂಪುರದಿಂದ ಬಸ್ಸು ಹತ್ತಿ ಹೋಗಿದ್ದೆವು. ಅದರಲ್ಲಿ ಅವ್ವ ಹೇಳಿದ ಸೋಬಾನೆ ಪದಗಳಿದ್ದವು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತಷ್ಟೇ. ಅವಳ ದನಿ ಇದ್ದದ್ದು ಆ ಒಂದು ಸೀಡಿಯಲ್ಲಿ ಮಾತ್ರ.

ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ "ಆತು, ತಗೊಳ್ರಿ" ಎಂದರು.

"ಇಷ್ಟು ಬೇಗ ಹೆಂಗಾತಪ್ಪಾ?" ಅವ್ವ ಪಿಸುಗುಟ್ಟಿದಳು.

"ಸೀಡಿ ಓದೋ ಡ್ರೈವು ಇಷ್ಟೇ ಸ್ಪೀಡು ಓಡ್ಬೇಕು ಅಂತ ಕಂಪನಿಯೋರು ಬಾಯಿಕುಕ್ಕೆ ಕಟ್ಟಿರ್ತಾರವ್ವಾ. ನಾನು ಅದ್ರೊಳಗಿನ ಪ್ರೋಗ್ರಾಮು ತೆಗ್ದು ಬ್ಯಾರೆ ಫರ್ಮ್‌ವೇರ್ ಹಾಕಿ ಬಿಚ್ಚೀನಿ."

"ಕುಕ್ಕೆ ಬಿಚ್ಚಿದ ಎತ್ತು ರಾಶಿಗೆ ಬಾಯಿ ಹಾಕ್ದೆ ಇರ್ತೈತಾ? ಎಷ್ಟು ತಿಂದೈತೋ, ನೋಡ್ಬೇಕು."

ಅವರ ಮುಖ ಕಪ್ಪಿಟ್ಟಿತು. ನನಗೋ ನೆಲ ಬಿರಿಯಬಾರದೇ ಎನಿಸಿತು. ಅವ್ವ ಮಾತ್ರ ಅಲ್ಲಾಡಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಒಂದೊಂದೇ ಪದ ಹಾಕಿಸಿ ಕೇಳಿದಳು. ಅರಿಶಿನ ಹಚ್ಚುವ ಪದದ ನಡುವೆ ಕೈ ಎತ್ತಿ ನಿಲ್ಲಿಸಿದಳು. "ಇಲ್ಲಿ ಒಂದು ನುಡಿ ಇಲ್ಲ."

ಅವರು ಹಿಂದಕ್ಕೆ ತಿರುಗಿಸಿ ಕೇಳಿದರು. ಸೀಡಿಯ ಮೇಲೆ ಗೀರು ಬಿದ್ದ ಕಡೆ ಡ್ರೈವು ಓಟದ ಭರದಲ್ಲಿ ಹಾರಿಹೋಗಿತ್ತು. ವಾದಕ್ಕೆ ಇಳಿಯಲಿಲ್ಲ. "ಹೌದವ್ವಾ, ತಿಂದೈತೆ" ಎಂದವರೇ, ಬಾಗಿಲಲ್ಲಿದ್ದ ಗಿರಾಕಿಗಳನ್ನೆಲ್ಲ ನಾಳೆ ಬರ್ರಿ ಎಂದು ಸಾಗಹಾಕಿ, ವೇಗ ತಗ್ಗಿಸಿ ಆ ಜಾಗವನ್ನೇ ಮತ್ತೆ ಮತ್ತೆ ಓದಿಸಿದರು. ಕೊನೆಗೂ ಆ ನುಡಿ ಬಂದಾಗ ಅವ್ವನ ತುಟಿ ಅದರ ಜೊತೆ ಆಡುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಅಂದಿನಿಂದ ಅವರು ಪೂರ್ತಿ ಕೇಳಿಸದೆ ಯಾರ ಕೈಗೂ ಪೆನ್‌ಡ್ರೈವ್ ಕೊಡುತ್ತಿರಲಿಲ್ಲ. "ರಾಂಪುರದ ಅವ್ವನಂಗೆ ಅನುಮಾನ ಪಡ್ರಿ, ಏನಾಗ್ತೈತೆ?" ಎಂದು ಗದರುತ್ತಿದ್ದರಂತೆ. ಬಸ್ಸು ತಪ್ಪಿತೆಂದು ಗೊಣಗಿದವರೇ ಹೆಚ್ಚು.

ಕಳೆದ ತಿಂಗಳು ಅವರು ತೀರಿಕೊಂಡರು. ಚಳ್ಳಕೆರೆಗೆ ಹೋಗಿದ್ದ ನಾನು ಸುದ್ದಿ ತಂದಾಗ ಅವ್ವ ಒಲೆಯ ಮುಂದಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಸುಳ್ಳಿರ್ಬೇಕು," ಎಂದು ಪಿಸುಗುಟ್ಟಿದಳು. "ಇನ್ನೊಂದ್ಸಲ ಹೋಗಿ ಸರಿಯಾಗಿ ಕೇಳ್ಕೊಂಡು ಬಾರೋ."