ತಡವಾಗಿ ಬರುವ ಬಿಳಿ ನಾಲ್ಕು

ಹೋದ ತಿಂಗಳು ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡ್ ನುಡಿಸುತ್ತ ಕೂತಿದ್ದಾಗ, ಬಿಳಿ ನಾಲ್ಕು ತಡವಾಗಿ ಬಂತು.

ಹಾರ್ಮೋನಿಯಂ ಕಲಿತವರಿಗೆ ಬಿಳಿ ನಾಲ್ಕು ಎಂದರೆ ಗೊತ್ತು, ಸಪ್ತಕದ ನಾಲ್ಕನೆಯ ಬಿಳಿ ಮನೆ, ಎಂದರೆ ಬೆರಳಿನಿಂದ ಒತ್ತುವ ಪಟ್ಟಿ. ನಾನು ಒತ್ತಿದ್ದು ಸರಿಯಾದ ಹೊತ್ತಿಗೇ. ಅಕ್ಕಪಕ್ಕದ ಮನೆಗಳೆಲ್ಲ ಬೆರಳು ತಾಗಿದ ಕೂಡಲೇ ಹಾಡುತ್ತಿದ್ದವು. ಇದೊಂದು ಮಾತ್ರ ನಿದ್ದೆಯಿಂದ ಎಬ್ಬಿಸಿದವರ ಹಾಗೆ ಒಂದು ಉಸಿರು ಎಳೆದುಕೊಂಡು, ಆಮೇಲೆ ದನಿ ತೆಗೆಯಿತು. ಅದರ ಹಿಂದೆ ಕಿರ್ ಎಂದು ಸಣ್ಣ ಸಪ್ಪಳ... ಕಾಲಿನಿಂದ ತುಳಿಯುವ ಹಲಗೆಯದು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಕೋಣೆಯಲ್ಲಿ ಇಲ್ಲದ ಕರ್ಪೂರ, ಕಾಳುಮೆಣಸಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಆ ಸ್ವರ ಯಾವ ಹಾರ್ಮೋನಿಯಂ ಪೆಟ್ಟಿಗೆಯದು ಎಂದು ನನಗೆ ಗೊತ್ತಿತ್ತು. ಅದರ ಮುಂದೆ ಕೂರುತ್ತಿದ್ದವರೂ ಗೊತ್ತಿದ್ದರು.

ನನ್ನ ಹುಚ್ಚಿನ ಬಗ್ಗೆ ಎರಡು ಮಾತು ಹೇಳಬೇಕು. ಕಾರವಾರದಲ್ಲಿ ಕಚೇರಿ ಕೆಲಸ, ಶಿರವಾಡದಲ್ಲಿ ಮನೆ, ಸಂಜೆಯಾದರೆ ಕೀಬೋರ್ಡು. ಅದು ಮಡಗಾವಿನಲ್ಲಿ ಯಾರೋ ಬಳಸಿ ಬಿಟ್ಟದ್ದು, ಬಿಳಿ ಮನೆಗಳು ಹಳದಿಗೆ ತಿರುಗಿವೆ. ಹೊಸದನ್ನು ಕೊಳ್ಳುವ ತಾಕತ್ತೂ ಇಲ್ಲ, ಮನಸ್ಸೂ ಇಲ್ಲ. ನನಗೆ ಬೇಕಾದದ್ದು ಹಳೆಯ ಸದ್ದುಗಳು. ಇಂಥ ಹುಚ್ಚಿನವರು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿದ್ದಾರೆ. ಹಳೆಯ ವಾದ್ಯದ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ ಮಾರುವವರೂ ಇದ್ದಾರೆ. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ ಕೀಬೋರ್ಡಿಗೆ ಜೋಡಿಸಿದರೆ ಆಯಿತು, ನಮ್ಮ ಬೆರಳಿಗೆ ಆ ವಾದ್ಯ ಹಾಡುತ್ತದೆ. ಮನೆಯಲ್ಲಿದ್ದ ಪೆಟ್ಟಿಗೆಯನ್ನು ಗುಜರಿಗೆ ಹಾಕಿ, ಅದರ ಧೂಳಿನ ಸದ್ದನ್ನು ಕೊಂಡು ತರುವ ಜನ ನಾವು. ಈ ಮಾತು ಹೇಳುವಾಗ ನನಗೇ ಸಿಟ್ಟು ಬರುತ್ತದೆ.

ಅವತ್ತು ನಾನು ಅಗ್ಗಕ್ಕೆ ಸಿಕ್ಕಿತೆಂದು ಇಳಿಸಿಕೊಂಡ ಸದ್ದಿನ ಕಟ್ಟಿಗೆ ‘ಕರಾವಳಿಯ ಹಳೆಯ ನಾಟಕದ ಆರ್ಗನ್’ ಎಂದು ಹೆಸರಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ನುಡಿಸುತ್ತಿದ್ದವರು: ತಿಳಿದುಬಂದಿಲ್ಲ’.

ತಿಳಿದುಬಂದಿಲ್ಲವಂತೆ! ನುಡಿಸುತ್ತಿದ್ದವರ ಮನೆಯ ಚಹಾ ಕುಡಿದು, ಅವರ ಕೈಯಿಂದ ಬಾಳೆಹಣ್ಣಿನ ಬನ್ಸ್ ತಿಂದು, ಆ ಸದ್ದು ಹಿಡಿದುಕೊಂಡು ಹೋದವನಿಗೆ ತಿಳಿದುಬಂದಿಲ್ಲ.

ನಾನು ಹುಟ್ಟಿ ಬೆಳೆದ ಅವರ್ಸಾದಲ್ಲಿ ನಮ್ಮ ಮನೆಯಿಂದ ಗದ್ದೆಯ ಅಂಚು ದಾಟಿದರೆ ಅಕ್ಕೋರ ಮನೆ. ಹೆಣ್ಣು ಶಿಕ್ಷಕಿಯರನ್ನೆಲ್ಲ ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಅವರು ನಮ್ಮ ಪ್ರಾಥಮಿಕ ಶಾಲೆಯ ಅಕ್ಕೋರು. ಮದುವೆಯಾಗಿರಲಿಲ್ಲ, ಅಣ್ಣನ ಸಂಸಾರದ ಜೊತೆ ಇದ್ದರು. ಅವರ ಕೋಣೆಯ ಗೋಡೆಗೆ ಒರಗಿ ಒಂದು ಲೆಗ್ ಹಾರ್ಮೋನಿಯಂ ಇತ್ತು. ಊರವರ ಬಾಯಲ್ಲಿ ಅದು ಕಾಲುಪೆಟ್ಟಿಗೆ, ನಾಟಕದವರ ಬಾಯಲ್ಲಿ ಆರ್ಗನ್. ಎರಡೂ ಪಾದಗಳಿಂದ ಹಲಗೆ ತುಳಿಯುತ್ತ ಗಾಳಿ ತುಂಬಬೇಕು, ಎರಡೂ ಕೈಯಿಂದ ನುಡಿಸಬೇಕು. ಹುಳ ಹಿಡಿಯಬಾರದೆಂದು ಒಳಗೆ ಕರ್ಪೂರ ಮತ್ತು ಕಾಳುಮೆಣಸಿನ ಗಂಟು ಇಡುತ್ತಿದ್ದರು. ಮುಚ್ಚಳ ತೆಗೆದರೆ ಸಂಗೀತಕ್ಕಿಂತ ಮೊದಲು ಆ ವಾಸನೆ ಬರುತ್ತಿತ್ತು.

ಕಡಲ ಗಾಳಿ ನಮ್ಮ ಊರಿನ ಬೀಗ, ಬಕೆಟ್, ಸೈಕಲ್ಲುಗಳನ್ನೇ ಬಿಡುವುದಿಲ್ಲ, ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆ, ಆ ರೀಡನ್ನು ಬಿಟ್ಟೀತೆ? ಬಿಳಿ ನಾಲ್ಕರ ರೀಡು ಸವೆದು ಸ್ವರ ಏರಿತ್ತು. ಅಕ್ಕೋರು ಅದನ್ನು ಬಿಚ್ಚಿ ಅಂಕೋಲೆಯ ರೇಡಿಯೋ ರಿಪೇರಿಯವನ ಹತ್ತಿರ ಒಯ್ದು, ಅದರ ತುದಿಗೆ ಒಂದು ತೊಟ್ಟು ಬೆಸುಗೆಯ ಸೀಸ ಬಿಡಿಸಿಕೊಂಡು ಬಂದರು. ಸ್ವರ ಸರಿಯಾಯಿತು. ಆದರೆ ಭಾರವಾದ ರೀಡು ಗಾಳಿಗೆ ಕೂಡಲೇ ಏಳುತ್ತಿರಲಿಲ್ಲ. ನಾನು ಕಲಿಯಲು ಹೋದ ಮೊದಲ ದಿನಗಳಲ್ಲಿ ಆ ಮನೆ ಬಂದಾಗಲೆಲ್ಲ ತಾಳ ತಪ್ಪುತ್ತಿತ್ತು.

“ಅದು ಆಳ್ಸಿ ಮನೆ, ಹುಡ್ಗಿ,” ಎಂದಿದ್ದರು ಅಕ್ಕೋರು. “ಅದ್ಕೆ ಮುಂಚೇನೇ ಹೇಳ್ಬೇಕು. ಹೇಳಿಟ್ರೆ ಟೈಮಿಗೆ ಸರಿ ಬರ್ತದೆ.”

ಅವರ ಬೆರಳು ಬಿಳಿ ನಾಲ್ಕಿಗೆ ಬರುವಾಗ ಒಂದು ಚೂರು ಮುಂಚೆ ಹೋಗುತ್ತಿತ್ತು. ನೋಡಿದವರಿಗೆ ತಪ್ಪಿದ ಹಾಗೆ ಕಾಣುತ್ತಿತ್ತು, ಕೇಳಿದವರಿಗೆ ಸರಿಯಾಗಿಯೇ ಇತ್ತು. ಅದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ಕಲಿತ ಮೇಲೆ ಮರೆಯಲು ಆಗಲೇ ಇಲ್ಲ... ಈಗಲೂ ಯಾವ ಕೀಬೋರ್ಡ್ ಸಿಕ್ಕರೂ, ಎಚ್ಚರ ತಪ್ಪಿದರೆ ನನ್ನ ಬೆರಳು ಅಲ್ಲಿ ಅವಸರ ಮಾಡುತ್ತದೆ. ಗೆಳತಿಯರು ನಗುತ್ತಾರೆ.

ಇನ್ನು ನಾಟಕದ ಮಾತು. ನಮ್ಮೂರಿನ ಗಂಡಸರು ಸೇರಿ ವರ್ಷಕ್ಕೊಂದು ಸಂಗೀತ ನಾಟಕ ಆಡುತ್ತಿದ್ದರು. ಶಾಲೆಯ ಅಕ್ಕೋರು, ಅದೂ ಮದುವೆಯಾಗದ ಹೆಂಗಸು, ರಂಗದ ಮುಂದೆ ಕೂತು ನುಡಿಸಿದರೆ ಊರಿನ ಮಾನ ಹೋಗುತ್ತದಂತೆ. ಆದರೆ ಅವರಿಲ್ಲದೆ ಹಾಡು ಏಳುವುದಿಲ್ಲ. ಅದಕ್ಕೆ ಹಿರಿಯರು ಒಂದು ಉಪಾಯ ಕಂಡುಹಿಡಿದರು. ಕಾಲುಪೆಟ್ಟಿಗೆ ಪಕ್ಕದ ಪರದೆಯ ಹಿಂದೆ, ಅಕ್ಕೋರ ಜೊತೆ. ಅಕ್ಕೋರ ಅಣ್ಣ ಜರಿಯ ಶಾಲು ಹೊದ್ದು ಎಲ್ಲರ ಎದುರಿಗೆ, ಒಂದು ಸಣ್ಣ ಕೈಪೆಟ್ಟಿಗೆಯ ಜೊತೆ. ಅವನು ಸುರು ಹಿಡಿಯುತ್ತಿದ್ದ. ಎಂದರೆ ಶ್ರುತಿಗೆಂದು ಒಂದೇ ಮನೆಯನ್ನು ಒತ್ತಿ ಹಿಡಿದು ಕೂರುತ್ತಿದ್ದ, ನಾಟಕ ಮುಗಿಯುವವರೆಗೆ. ಹ್ಯಾಂಡ್‌ಬಿಲ್ಲಿನಲ್ಲಿ ‘ಆರ್ಗನ್’ ಎಂಬುದರ ಮುಂದೆ ಅಚ್ಚಾಗುತ್ತಿದ್ದದ್ದು ಅವನ ಹೆಸರು. ಚಪ್ಪಾಳೆ ಬಿದ್ದಾಗ ಎದ್ದು ನಿಂತು ಕೈ ಮುಗಿಯುತ್ತಿದ್ದದ್ದೂ ಅವನೇ.

ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದ್ದರೆ ಕ್ಷಮಿಸಬಹುದಿತ್ತು. ಊರಿಗೆ ಊರೇ ಗೊತ್ತಿದ್ದು ತಟ್ಟುತ್ತಿತ್ತು! ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ತಾಲೀಮು ನಡೆಯುವಾಗ ಪಾತ್ರಧಾರಿಗಳೆಲ್ಲ ಅಕ್ಕೋರ ಸುತ್ತ ನಿಂತು ಹಾಡು ತಿದ್ದಿಸಿಕೊಳ್ಳುತ್ತಿದ್ದರು. ಅದೇ ಗಂಡಸರು ನಾಟಕದ ದಿನ ಅವರ ಮುಂದೆ ಪರದೆ ಎಳೆಯುತ್ತಿದ್ದರು. ನಾನು ಒಮ್ಮೆ ಸಿಟ್ಟಿನಿಂದ ಅಕ್ಕೋರಿಗೆ ಹೇಳಿಯೂ ಬಿಟ್ಟೆ, ನಿಮ್ಮ ಅಣ್ಣ ಯಾಕೆ ಕೈ ಮುಗಿಯಬೇಕು ಎಂದು.

“ಕೂತು ಕೂತು ಅವ್ನಿಗೂ ಬೆನ್ನು ನೋವು ಬಂದಿರ್ತದೆ, ಬಿಡು,” ಎಂದು ನಕ್ಕರು.

ಆ ನಗು ನೋಡಿ, ಇವರಿಗೆ ಏನೂ ಅನ್ನಿಸುವುದಿಲ್ಲ ಎಂದೇ ನಾನು ತಿಳಿದಿದ್ದೆ. ಹಾಗಿರಲಿಲ್ಲ ಎಂದು ಗೊತ್ತಾದದ್ದು ಅವರ ಕೊನೆಯ ವರ್ಷಗಳಲ್ಲಿ. ನಾಟಕ ನಿಂತುಹೋಗಿತ್ತು, ಅವರು ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಹಳೆಯ ವಾದ್ಯಗಳ ಸದ್ದು ಹಿಡಿಯುವ ಒಬ್ಬ ತರುಣ ಬೆಂಗಳೂರಿನಿಂದ ಅವರನ್ನು ಹುಡುಕಿಕೊಂಡು ಬಂದ. ಮೈಕುಗಳನ್ನು ಪೆಟ್ಟಿಗೆಯ ಒಳಗೆ, ಹೊರಗೆ ನಿಲ್ಲಿಸಿ, ಒಂದೊಂದೇ ಮನೆಯನ್ನು ಒತ್ತಿ ರೆಕಾರ್ಡ್ ಮಾಡಿದ. ಅವನಿಗೆ ಗಾಳಿ ತುಳಿಯಲು ಬರಲಿಲ್ಲ. ಅಕ್ಕೋರೇ ನೋವಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ದಿನವಿಡೀ ತುಳಿದರು. ಮುಂದಿನ ಸಲ ನಾನು ಹೋದಾಗ ಅವರ ಮುಖದಲ್ಲಿ ನಾನು ಹಿಂದೆಂದೂ ನೋಡದ ಕಳೆ ಇತ್ತು.

“ಈ ಸಲ ಪರ್ದೆ ಇಲ್ಲ ನೋಡು ಹುಡ್ಗಿ. ಹೆಸ್ರು ಹಾಕ್ತೆ ಅಂದಾನೆ.”

ಆಮೇಲೆ ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ, “ಬಂತನೇ?” ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ, ಇಲ್ಲ ಎನ್ನುತ್ತಿದ್ದೆ. “ಬರ್ತದೆ, ಅವಸ್ರ ಎಂತಕೆ,” ಎಂದು ಅವರೇ ನನಗೆ ಸಮಾಧಾನ ಹೇಳುತ್ತಿದ್ದರು. ಹಾಗೆ ಕೇಳುತ್ತ ಕೇಳುತ್ತಲೇ ಒಂದು ದಿನ... ಅವರು ಹೋದ ಮೇಲೆ ಕಾಲುಪೆಟ್ಟಿಗೆ ಕಡಲ ದಂಡೆಯ ಒಂದು ಹೋಂಸ್ಟೇ ಸೇರಿತು. ಈಗ ಅದರ ಮೇಲೆ ಮನಿಪ್ಲಾಂಟ್ ಬೆಳೆದಿದೆ. ಒಳಗಿನ ರೀಡುಗಳನ್ನು ಯಾರೋ ಹಿತ್ತಾಳೆಯ ಆಸೆಗೆ ಕಿತ್ತುಕೊಂಡಿದ್ದಾರೆ. ಅಕ್ಕೋರ ಕೈ ತಾಗಿದ ಸದ್ದು ಉಳಿದಿರುವುದು ಆ ರೆಕಾರ್ಡಿಂಗಿನಲ್ಲಿ ಮಾತ್ರ.

ಆದ್ದರಿಂದ ‘ತಿಳಿದುಬಂದಿಲ್ಲ’ ಎಂದು ಓದಿದ ಸಂಜೆಯೇ ಆ ತರುಣನಿಗೆ ಬರೆದೆ. ಸಭ್ಯವಾಗಿ ಬರೆಯಲು ನೋಡಿದೆ, ಆಗಲಿಲ್ಲ. ಅವನ ಉತ್ತರ ಮಾತ್ರ ಬಹಳ ಸಭ್ಯವಾಗಿತ್ತು. ತಾನು ಹೆಸರು ಹಾಕುವವನೇ ಇದ್ದೆ, ಅದನ್ನು ಖಚಿತ ಮಾಡಿಕೊಳ್ಳಲು ಮನೆಯವರನ್ನು ಕೇಳಿದೆ, ಅಜ್ಜಿ ಸುಮ್ಮನೆ ಗಾಳಿ ಹಾಕಿದ್ದು, ನುಡಿಸುತ್ತಿದ್ದದ್ದು ಅವರ ಅಣ್ಣ ಎಂದು ಅಣ್ಣನ ಮಗ ತಿಳಿಸಿದ, ಹಳೆಯ ಹ್ಯಾಂಡ್‌ಬಿಲ್ಲುಗಳ ಫೋಟೋ ಕಳಿಸಿದ್ದಾನೆ, ಗೊಂದಲ ಬೇಡವೆಂದು ಸದ್ಯಕ್ಕೆ ಯಾರ ಹೆಸರೂ ಹಾಕಿಲ್ಲ ಎಂದು ಬರೆದಿದ್ದ. ‘ಅಚ್ಚಾದ ದಾಖಲೆ ಇದೆ ಮೇಡಂ. ನಿಮ್ಮ ಹತ್ತಿರ ಏನಾದರೂ ಇದೆಯೇ?’

ಏನಿದೆ ನನ್ನ ಹತ್ತಿರ? ಇಡೀ ಊರು ಸೇರಿ ಹೇಳಿದ ಸುಳ್ಳು ಅಚ್ಚಾಗಿ ಕೂತಿದೆ. ನಿಜವನ್ನು ಅಚ್ಚು ಹಾಕಿಸಿದವರು ಯಾರೂ ಇಲ್ಲ.

ಮರುದಿನ ರಜೆ ಹಾಕಿ, ಕೀಬೋರ್ಡನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವರ್ಸಾಕ್ಕೆ ಹೋದೆ. ಅಣ್ಣನಿಗೆ ಈಗ ತುಂಬ ವಯಸ್ಸಾಗಿದೆ, ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಮಗ ಕೋಕಂ ಪಾನಕ ತಂದುಕೊಟ್ಟ. ನಾನು ಬಂದ ಕಾರಣ ಹೇಳಿದೆ.

“ಅಕ್ಕಾ, ಅಪ್ಪ ಎದ್ರಿಗೆ ಕೂತದ್ದು ಇಡೀ ಊರು ನೋಡಿದೆ,” ಎಂದ. “ಹ್ಯಾಂಡ್‌ಬಿಲ್ಲಲ್ಲಿ ಹೆಸ್ರಿದೆ. ಇನ್ನೆಂತಾ ಬೇಕು ನಿಮ್ಗೆ?”

ನಾನು ಲ್ಯಾಪ್‌ಟಾಪ್ ಜೋಡಿಸಿ, ಅಕ್ಕೋರ ಪೆಟ್ಟಿಗೆಯ ಸದ್ದು ಹಾಕಿ, ಕೀಬೋರ್ಡನ್ನು ಅಣ್ಣನ ಮುಂದಿಟ್ಟೆ. ಮುದುಕನ ಮುಖ ಅರಳಿತು. ಅವನ ಬೆರಳು ನೇರವಾಗಿ ಹೋಗಿ ತಾನು ಹಿಡಿಯುತ್ತಿದ್ದ ಒಂದೇ ಮನೆಯ ಮೇಲೆ ಕೂತಿತು. ಹಾಗೇ ಒತ್ತಿ ಹಿಡಿದು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಹುರುಪು ಬಂದು, ಇನ್ನೊಂದು ಕೈಯಿಂದ ಸರಿಗಮ ಒತ್ತಲು ಶುರುಮಾಡಿದ. ಬಿಳಿ ನಾಲ್ಕಿಗೆ ಬಂದ. ಒತ್ತಿದ. ಅದು ತನ್ನ ಅಭ್ಯಾಸದಂತೆ ತಡವಾಗಿ ಬಂತು. ಮತ್ತೆ ಒತ್ತಿದ, ಮತ್ತೆ ತಡ.

“ಹೋಯ್, ಇದ್ರದು ಒಂದು ಮನೆ ಕೆಟ್ಟೋಗಿದೆ,” ಎಂದ. “ಅಂಗ್ಡಿಯವಂಗೆ ವಾಪಸ್ ಕೊಡು ತಂಗಿ.”

ನಾನು ಮಗನ ಮುಖ ನೋಡಿದೆ. ಆ ಪೆಟ್ಟಿಗೆಯನ್ನು ಒಂದೇ ಒಂದು ದಿನ ನುಡಿಸಿದವರಿಗೂ ಆ ಮನೆ ಗೊತ್ತಿರುತ್ತದೆ. ಅಕ್ಕೋರ ಕೋಣೆಯ ಹೊರಗೆ ಆಡಿ ಬೆಳೆದ ಅವನಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿ ಲೋಟಗಳನ್ನು ಎತ್ತಿಕೊಂಡ. ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ದಾರಿಯಲ್ಲಿ ಬಾಯಿ ಬಿಟ್ಟ.

“ಅತ್ತೆನೇ ಬಾರಿಸೂದು, ನಂಗೂ ಗೊತ್ತಿದೆ. ಅದ್ನ ಈಗ ತೆಗ್ಯೂದು ಎಂತಕೆ ಅಕ್ಕಾ? ಅಪ್ಪ ಇರೂ ತನಕ ಅವ್ರ ಮರ್ಯಾದಿ ಇರ್ಲಿ.”

“ಅಕ್ಕೋರ ಮರ್ಯಾದಿ?” ಎಂದೆ.

“ಅತ್ತೆ ಈಗ ಇಲ್ವಲ್ಲ,” ಎಂದ.

ಬಸ್ಸು ಬಂತು, ಕೀಬೋರ್ಡ್ ಎತ್ತಿಕೊಂಡು ಹತ್ತಿದೆ. ಬದುಕಿದ್ದಾಗ ಹೆಂಗಸು ಎಂದು ಪರದೆ, ಸತ್ತ ಮೇಲೆ ಈಗ ಇಲ್ಲವಲ್ಲ ಎಂದು ಪರದೆ. ಹಾಗಾದರೆ ಅವರ ಹೆಸರಿಗೆ ಸರಿಯಾದ ಹೊತ್ತು ಯಾವುದು? ನಡೆದದ್ದನ್ನೆಲ್ಲ ಆ ತರುಣನಿಗೆ ಬರೆದು ಕಳಿಸಿದೆ, ಅಣ್ಣನಿಗೆ ಬಿಳಿ ನಾಲ್ಕು ಗೊತ್ತಿರಲಿಲ್ಲ ಎಂಬುದನ್ನೇ ಎರಡು ಸಲ ಬರೆದೆ. ಉತ್ತರ ಬರಲಿಲ್ಲ.

ಬಂದದ್ದು ಬೇರೆ. ಹೋದ ವಾರ ಆ ಸದ್ದಿನ ಕಟ್ಟಿಗೆ ಸುಧಾರಿಸಿದ ಆವೃತ್ತಿ ಬಂದಿದೆ ಎಂದು ಲ್ಯಾಪ್‌ಟಾಪ್ ಹೇಳಿತು. ಬದಲಾವಣೆಗಳು ಏನೆಂದು ತೆರೆದು ಓದಿದೆ. ನುಡಿಸುತ್ತಿದ್ದವರ ಜಾಗದಲ್ಲಿ ಅಣ್ಣನ ಹೆಸರು ಬಂದಿದೆ. ಅದರ ಕೆಳಗೆ, ‘ಕೆಟ್ಟಿದ್ದ ಒಂದು ಸ್ವರವನ್ನು ವಾದಕರ ಕುಟುಂಬದವರ ಸೂಚನೆಯಂತೆ ಸರಿಪಡಿಸಲಾಗಿದೆ’.

ಅಣ್ಣ ಅದನ್ನು ಕೆಟ್ಟಿದೆ ಎಂದದ್ದೇ ಅವನು ನುಡಿಸಿರಲಿಲ್ಲ ಎಂಬುದಕ್ಕೆ ಸಾಕ್ಷಿ ಎಂದು ನಾನು ಕುಣಿದಿದ್ದೆ. ಆ ಮನೆಯವರೂ ಆ ತರುಣನೂ ಅದೇ ಮಾತು ಹಿಡಿದು ಸಾಕ್ಷಿಯನ್ನೇ ಅಳಿಸಿಬಿಟ್ಟರು. ಓದಿ ಅಳು ಬಂತು. ಅಕ್ಕೋರು ತೀರಿಕೊಂಡ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಇಲ್ಲಿ ನಾನು ಅಕ್ಕೋರ ಹೆಸರು ಯಾಕೆ ಬರೆದಿಲ್ಲ ಎಂದು ಯಾರಾದರೂ ಕೇಳಬಹುದು. ಬೇಕೆಂದೇ ಬರೆದಿಲ್ಲ. ಅವರಿಗೆ ಮಾತು ಕೊಟ್ಟದ್ದು ನಾನಲ್ಲ, ಆ ತರುಣ. ಆ ಹೆಸರು ಮೊದಲು ಬರಬೇಕಾದದ್ದು ಆ ಸದ್ದಿನ ಜೊತೆ, ಅಲ್ಲಿ. ನನ್ನ ಲೇಖನದಲ್ಲಿ ಎಲ್ಲೋ ಬಂತಲ್ಲ ಎಂದು ಯಾರೂ ಕೈ ತೊಳೆದುಕೊಳ್ಳುವುದು ಬೇಡ. ವಾರಕ್ಕೊಮ್ಮೆ ನಾನು ಅವನಿಗೆ ಬರೆಯುತ್ತಲೇ ಇದ್ದೇನೆ, ಮುಂದೆಯೂ ಬರೆಯುತ್ತೇನೆ.

ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಮೊದಲಿನ ಆವೃತ್ತಿಯೇ. ಲ್ಯಾಪ್‌ಟಾಪಿಗೂ ವಯಸ್ಸಾಗಿದೆ, ಕಾರವಾರದ ಗಾಳಿ ಅದನ್ನೂ ತಿನ್ನುತ್ತಿದೆ, ಎಷ್ಟು ದಿನ ಬಾಳುತ್ತದೋ... ಕೀಬೋರ್ಡಿನ ಚೀಲದಲ್ಲಿ ನಾನೂ ಈಗ ಕರ್ಪೂರ, ಕಾಳುಮೆಣಸಿನ ಗಂಟು ಇಟ್ಟಿದ್ದೇನೆ. ಇವತ್ತು ಸಂಜೆಯೂ ಲ್ಯಾಪ್‌ಟಾಪ್ ಕೇಳಿತು, ಹೊಸ ಆವೃತ್ತಿಗೆ ಬದಲಾಯಿಸಲೇ ಎಂದು. ಬೇಡ ಎಂದು ಒತ್ತಿದೆ. ಹೆಡ್‌ಫೋನ್ ಹಾಕಿಕೊಂಡು, ಬಿಳಿ ನಾಲ್ಕನ್ನು ಒಂದು ಚೂರು ಮುಂಚೆ ಮುಟ್ಟಿದೆ. ಅದು ಟೈಮಿಗೆ ಸರಿಯಾಗಿ ಬಂತು.