ಬಂದ್ ಮಾಡಿದ ಜೀಪಿನ ಸದ್ದು

ದೆವ್ವ, ಶಕುನ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಹೇಳುವವರಿಗೆ ಬೇರೆ ಕೆಲಸವಿಲ್ಲ ಎಂದೇ ನನ್ನ ಎಣಿಕೆ. ಈಗಲೂ ನಾನು ಹೆಚ್ಚೇನೂ ಬದಲಾಗಿಲ್ಲ. ಆದರೆ ನನ್ನ ಎರಡೂ ಕಿವಿಗಳಿಂದ ಕೇಳಿದ ಒಂದು ಸದ್ದಿನ ಬಗ್ಗೆ ಹೇಳದೆ ಗತಿಯಿಲ್ಲ. ಭಕ್ತಿಯಿಂದ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಸಿಟ್ಟಿನಿಂದ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಪ್ಪಾಣಿಯಲ್ಲಿ ನಮ್ಮದು ದನದ ಹಿಂಡಿಯ ಅಂಗಡಿ. ರಾಯಬಾಗ, ಅಥಣಿ ಕಡೆಯ ಹಳ್ಳಿಗಳಿಗೆ ಹಿಂಡಿಯ ಚೀಲ ಮುಟ್ಟಿಸಲು ನನ್ನ ಗಂಡ ಒಂದು ಹಳೆಯ ಡಿಸೆಲ್ ಜೀಪು ಕೊಂಡರು. ಮಾರಿದವನು ಕಾಗವಾಡದ ಕಡೆಯವನು. ನೋಡಲು ಹೋದ ದಿನ ಜೀಪು ಬೆಕ್ಕಿನ ಹಾಗೆ ಮೆತ್ತಗಿತ್ತು. ಮನೆಗೆ ಬಂದು ಒಂದು ವಾರವಾಗಿರಲಿಲ್ಲ, ಓಣಿಯ ಮಕ್ಕಳೆಲ್ಲ ಎದ್ದು ಕೂರುವಂತೆ ಬಡಿದುಕೊಳ್ಳತೊಡಗಿತು. ಆ ಪುಣ್ಯಾತ್ಮ ಒಡೆದ ಸೈಲೆನ್ಸರಿಗೆ ಎಣ್ಣೆ ಡಬ್ಬಿಯ ತಗಡು ಸುತ್ತಿ, ತಂತಿ ಬಿಗಿದು, ಮೇಲೆ ಕಪ್ಪು ಬಣ್ಣ ಬಳಿದಿದ್ದ. ಕಾಗವಾಡದ ಹೆಸರು ಕೇಳಿದರೆ ಇಂದಿಗೂ ಹಲ್ಲು ಕಡಿಯುತ್ತೇನೆ. ಊರಿನವರು ಕ್ಷಮಿಸಬೇಕು.

ಸದ್ದಿಗಿಂತ ಹೆಚ್ಚಾಗಿ ನನ್ನ ಗಂಡನನ್ನು ಕಾಡಿದ್ದು ಡಿಸೆಲ್. ಲೀಟರಿಗೆ ಓಡಬೇಕಾದಷ್ಟು ಓಡುತ್ತಿರಲಿಲ್ಲ, ಜೀಪು ಆವರೇಜ್ ಕೊಡುತ್ತಿರಲಿಲ್ಲ. ಊಟಕ್ಕೆ ಕೂತರೆ ಆವರೇಜ್, ಮಲಗಿದರೆ ಆವರೇಜ್. ಕೊನೆಗೆ ಕುಡಚಿಯ ದಸ್ತಗೀರ ಮಿಸ್ತ್ರಿಯ ಹತ್ತಿರ ಒಯ್ದರು. ತವರಿಗೆ ಹೊರಟಿದ್ದ ನಾನೂ ಜೊತೆಗಿದ್ದೆ. ಮಿಸ್ತ್ರಿ ಎಂಜಿನ್ ಶುರು ಮಾಡಿಸಿ, ಒದ್ದೆ ಗೋಣಿತಟ್ಟನ್ನು ಸೈಲೆನ್ಸರಿನ ಬಾಯಿಗೆ ಒತ್ತಿ ಹಿಡಿದ. ಹಿಂದಿನ ದಾರಿ ಕಟ್ಟಿದ್ದೇ ತಡ, ಹೊಗೆ ಎಲ್ಲೆಲ್ಲಿ ಬಿರುಕಿತ್ತೋ ಅಲ್ಲೆಲ್ಲ ಬುಸುಗುಟ್ಟುತ್ತ ಹೊರಬಂತು. ಎಂಜಿನ್ನಿಗೆ ಪೈಪು ಕೂಡುವಲ್ಲಿಯ ಪ್ಯಾಕಿಂಗ್ ಸುಟ್ಟಿತ್ತು, ನಡುವೆ ಸೈಲೆನ್ಸರ್ ಉದ್ದಕ್ಕೆ ಸೀಳಿತ್ತು. ಪ್ಯಾಕಿಂಗ್ ಹೊಸದು ಹಾಕಿ, ಸೀಳಿಗೆ ವೆಲ್ಡಿಂಗ್ ಮಾಡಿದ. ಏರ್ ಫಿಲ್ಟರಿನಿಂದ ಕಬ್ಬಿನ ರಸ್ತೆಯ ಧೂಳನ್ನು ಬೊಗಸೆಗಟ್ಟಲೆ ತೆಗೆದ. ಡಿಸೆಲ್ ಚಿಮ್ಮುವ ನಾಜಲ್ ತೊಳೆದ. ಹಿಂದಿನ ಒಂದು ಗಾಲಿಯ ಬ್ರೇಕು ಹಿಡಿದೇ ಉಳಿಯುತ್ತಿತ್ತು, ಸಡಿಲಿಸಿದ. ಇಷ್ಟೆಲ್ಲ ಮಾಡುತ್ತ, ತನ್ನಂಥ ಮಿಸ್ತ್ರಿ ಮಿರಜಿನಲ್ಲೂ ಇಲ್ಲವೆಂದು ತನ್ನನ್ನೇ ಹೊಗಳಿಕೊಂಡ.

ಜೀಪು ಮೆತ್ತಗಾಯಿತು, ಡಿಸೆಲ್ಲೂ ಉಳಿಯಿತು. ಅಷ್ಟಕ್ಕೆ ಸುಮ್ಮನಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ನನ್ನ ಗಂಡನಿಗೆ ಉಳಿಸುವ ರುಚಿ ಹತ್ತಿತು. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಒಂದು ಚಟವಿತ್ತು. ಇಳಿಜಾರು ಸಿಕ್ಕಿತೋ, ಎಂಜಿನ್ ಬಂದ್ ಮಾಡಿ, ಗೇರು ಬಿಡಿಸಿ ಗಾಡಿಯನ್ನು ಉರುಳಲು ಬಿಡುವುದು. ಸಂಕೇಶ್ವರದ ಕಡೆಯಿಂದ ನಿಪ್ಪಾಣಿಗೆ ಬರುವಾಗ ತವಂದಿ ಘಾಟ ಇಳಿಯಬೇಕು. ತುದಿಯಲ್ಲಿ ಬಂದ್ ಮಾಡಿ ಬುಡದಲ್ಲಿ ಶುರು ಮಾಡುವವನೇ ಜಾಣ ಡ್ರೈವರ್ ಎಂದು ಚಹಾದಂಗಡಿಗಳಲ್ಲಿ ಹೆಸರು. ನನ್ನ ಗಂಡನೂ ಜಾಣರ ಸಾಲಿಗೆ ಸೇರಿದರು.

ನನ್ನ ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಇಟ್ಟಿದ್ದವರು. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕೊಂದನ್ನೇ ನಂಬಿದರೆ ಅದು ಕಾದು ಕೈಕೊಡುತ್ತದೆ ಎಂಬುದನ್ನು ನಾನು ಚಿಕ್ಕವಳಿದ್ದಾಗಲೇ ಕೇಳಿದ್ದೆ. ಹೇಳಿದೆ. ಬೇಡಿದೆ. ಜಗಳವಾಡಿದೆ. ಒಡವೆ ಬೇಡ, ಸೀರೆ ಬೇಡ, ಘಾಟಿನಲ್ಲಿ ಎಂಜಿನ್ ಬಂದ್ ಮಾಡಬೇಡಿ, ನನಗೆ ನೀವು ಬೇಕು ಎಂದೆ. ಅವರು ನಕ್ಕರು.

“ಘಾಟ ಇಳಿಯುವಾಗ ಗಾಡಿ ತಾನ ಓಡತೈತಿ. ಅದಕ್ಕ ಸುಮ್ಮನ ಯಾಕ ಡಿಸೆಲ್ ಕುಡಸಬೇಕು?”

ಮಿಸ್ತ್ರಿಯಾದರೂ ಗದರಿಸಲಿ ಎಂದು ಇನ್ನೊಮ್ಮೆ ಹೋದಾಗ ಅವನಿಗೂ ದೂರಿದೆ. ಅವನು ಬೀಡಿ ಹಚ್ಚಿಕೊಂಡು, ಎಲ್ಲರೂ ಹಂಗ ಮಾಡತಾರ ಅಕ್ಕಾರ, ಬ್ರೇಕ್ ಚಲೋ ಇದ್ರ ಏನೂ ಆಗಂಗಿಲ್ಲ ಎಂದುಬಿಟ್ಟ. ಗಂಡಸರೆಲ್ಲ ಸೇರಿ ಒಂದು ಮಾತಿಗೆ ಬಂದಾಗ ಅದು ತಪ್ಪೇ ಇದ್ದರೂ ವೇದವಾಗುತ್ತದೆ.

ಆ ದಿನ ನಾವು ಸಂಕೇಶ್ವರದಲ್ಲಿ ಸಂಬಂಧಿಕರ ಮನೆಯ ಮದುವೆ ನಿಶ್ಚಯ ಮುಗಿಸಿ ಬರುತ್ತಿದ್ದೆವು. ನನ್ನ ಅತ್ತೆ ಮುಂದೆ ಕೂತಿದ್ದರು, ನಾನು ಹಿಂದೆ ಖಾಲಿ ಚೀಲಗಳ ಮೇಲೆ. ಅತ್ತೆಯದು ಕಟ್ಟುನಿಟ್ಟಿನ ಜೈನ ನೇಮ, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಹಾಕುವವರಲ್ಲ. ಅಲ್ಲಿ ಹರಟೆಯಲ್ಲಿ ತಡವಾಗಿತ್ತು, ಸೂರ್ಯ ಗುಡ್ಡದ ನೆತ್ತಿಗೆ ಬಂದಿದ್ದ. ತಾಯಿ ಉಪವಾಸ ಬೀಳಬಾರದೆಂಬ ಅವಸರವೂ ನನ್ನ ಗಂಡನಿಗೆ ನೆಪವಾಯಿತು. ಘಾಟಿನ ತುದಿಯಲ್ಲಿ ಬಂದ್ ಮಾಡುವ ಗುಂಡಿ ಎಳೆದು, ಗೇರು ಬಿಡಿಸಿದರು. ಎಂಜಿನ್ ನಿಂತಿತು. ಆಮೇಲೆ ಕೇಳುತ್ತಿದ್ದುದು ಗಾಳಿ ಮತ್ತು ಟಾಯರುಗಳ ಸದ್ದು. ನಾನು ಸೀಟಿನ ಕಬ್ಬಿಣ ಹಿಡಿದು ಹಲ್ಲು ಕಚ್ಚಿ ಕೂತಿದ್ದೆ.

ಎರಡು ತಿರುವು ದಾಟಿರಬೇಕು. ನನ್ನ ಕಾಲ ಕೆಳಗೆ ಸದ್ದು ಶುರುವಾಯಿತು. ಡಬ, ಡಬ, ಡಬ. ವೆಲ್ಡಿಂಗ್ ಮಾಡುವ ಮೊದಲು ಇದ್ದ ಅದೇ ಒಡಕು ಸದ್ದು. ಅಂಗಾಲಿಗೆ ತಗಡು ನಡುಗುವುದು ತಿಳಿಯುತ್ತಿತ್ತು. ನನಗೊಬ್ಬಳಿಗೇ ಕೇಳಿಸಿದ್ದರೆ ಭ್ರಮೆ ಎನ್ನಬಹುದಿತ್ತು. ಅತ್ತೆ ಮಗನತ್ತ ತಿರುಗಿದರು.

“ಬಂದ್ ಮಾಡಿದೆಲ್ಲೋ, ಮತ್ತ ಯಾಕ ಬಡಕೊಳ್ಳಾಕತ್ತೇತಿ?”

ನನ್ನ ಗಂಡ ಗುಂಡಿಯನ್ನು ಮತ್ತೆ ಎಳೆದರು, ಮತ್ತೊಮ್ಮೆ ಎಳೆದರು. ಸದ್ದು ನಿಲ್ಲಲಿಲ್ಲ. ಅವರಿಗೆ ಹೆದರಿಕೆಯಾಗಲಿಲ್ಲ, ಹೊಟ್ಟೆ ಉರಿಯಿತು. ಇಳಿಜಾರಿನಲ್ಲಿ ಡಿಸೆಲ್ ಸುಡುತ್ತಿದೆಯಲ್ಲ! ದಸ್ತಗೀರನಿಗೆ ಬೈಯುತ್ತ, ನಿಲ್ಲಿಸಿ ನೋಡಿಯೇ ಬಿಡೋಣ ಎಂದು ಬ್ರೇಕು ಒತ್ತಿದರು. ಕಾಲು ನೆಲದ ತನಕ ಹೋಯಿತು. ಮತ್ತೆ ಒತ್ತಿದರೂ ಅಷ್ಟೇ. ಬ್ರೇಕೇ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಪಕ್ಕ ಯಾರೋ ಸುರಿದಿದ್ದ ಖಡಿ ಕಲ್ಲಿನ ಗುಡ್ಡೆಗೆ ಜೀಪನ್ನು ನುಗ್ಗಿಸಿದರು. ಮುಂದಿನ ತಿರುವು ಅಲ್ಲಿಂದ ಕಾಣುತ್ತಿತ್ತು, ಅದರಾಚೆ ಬರೀ ಆಕಾಶ.

ಜೀಪು ನಿಂತ ಮೇಲೂ ಸದ್ದು ಇತ್ತು. ಇದನ್ನು ನಾನು ಒತ್ತಿ ಹೇಳುತ್ತೇನೆ. ನನ್ನ ಗಂಡ ಬಾನೆಟ್ ಎತ್ತಿದರು, ಫ್ಯಾನು ಅಲುಗುತ್ತಿರಲಿಲ್ಲ. ನಾನು ಹಿಂದೆ ಹೋಗಿ ಬಗ್ಗಿ, ಸೈಲೆನ್ಸರಿನ ಬಾಯಿಯ ಎದುರು ಅಂಗೈ ಹಿಡಿದೆ. ಹೊಗೆಯಿಲ್ಲ, ಗಾಳಿಯಿಲ್ಲ. ಆದರೂ ಒಳಗೆ ಡಬಡಬ ಬಡಿಯುತ್ತಿತ್ತು. ಆಮೇಲೆ ಯಾರೋ ಬಾಯಿ ಮುಚ್ಚಿದ ಹಾಗೆ ಒಮ್ಮೆಲೇ ನಿಂತಿತು. ಗಾಲಿಯ ಒಳಗಿನಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿರುವುದು ಆಗ ಕಂಡಿತು. ಅತ್ತೆ ಖಡಿಯ ಮೇಲೆ ಕೂತು ಕೈ ಮುಗಿದರು. ಹೊತ್ತು ಮುಳುಗಿತು. ಆ ರಾತ್ರಿ ಅವರು ಉಪವಾಸವೇ ಮಲಗಿದರು.

ನಾನು ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಬೇರೆ ಗಾಡಿಯ ಸದ್ದು ಗುಡ್ಡಕ್ಕೆ ಬಡಿದು ಬಂದಿರಬಹುದೇ ಎಂದರೆ, ರಸ್ತೆಯಲ್ಲಿ ಇನ್ನೊಂದು ಗಾಡಿ ಇರಲಿಲ್ಲ. ಗಾಲಿಯ ಬೇರಿಂಗ್ ಇರಬೇಕು ಎಂದು ಮಿಸ್ತ್ರಿ ಹೇಳಿದ. ನಿಂತ ಗಾಲಿಯ ಬೇರಿಂಗ್ ಹೇಗೆ ಸದ್ದು ಮಾಡುತ್ತದೆ ಎಂದು ಕೇಳಿದೆ. ಅವನು ಸೈಲೆನ್ಸರ್ ಬಿಚ್ಚಿ ತೋರಿಸಿದ. ವೆಲ್ಡಿಂಗ್ ಎಲ್ಲೂ ಬಿಟ್ಟಿರಲಿಲ್ಲ.

ಬ್ರೇಕೆಲ್ಲ ಹೊಸದಾಯಿತು. ಅತ್ತೆ ಸ್ತವನಿಧಿಯ ಬಸದಿಯಲ್ಲಿ ಪೂಜೆ ಮಾಡಿಸಿದರು. ಜೀಪಿಗೆ ಹಾರ ಬಿತ್ತು. ನನ್ನ ಗಂಡ ಚಿಕ್ಕೋಡಿಯಿಂದ ಅಥಣಿಯ ತನಕ ಅಂಗಡಿ ಅಂಗಡಿಗೆ ಈ ಕತೆ ಹೇಳಿದರು. ಕೇಳಿದವರು ಜೀಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎಂಜಿನ್ ಯಾಕೆ ಬಂದ್ ಮಾಡಿದ್ದಿ ಎಂದು ಒಬ್ಬನಾದರೂ ಕೇಳಿದನೇ? ಅಷ್ಟು ಜನರಲ್ಲಿ ಒಬ್ಬನೂ ಕೇಳಲಿಲ್ಲ. ಅವರ ಹಣೆಬರಹಕ್ಕಿಷ್ಟು ಬೆಂಕಿ ಹಾಕ.

ಸ್ವಲ್ಪ ದಿನ ಅವರು ಗೇರಿನಲ್ಲೇ ಘಾಟ ಇಳಿದರು. ಆಮೇಲೆ ಒಂದು ಸಂಜೆ ನಾನು ಜೊತೆಯಲ್ಲಿದ್ದಾಗಲೇ ಗುಂಡಿಗೆ ಕೈ ಹೋಯಿತು. ನಾನು ಕೈ ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ, ಎಂಥದೋ ಸಮಾಧಾನವಿತ್ತು.

“ಈಗ ಯಾಕ ಅಂಜತಿ? ಏನರ ಆಗೂದಿದ್ರ ಜೀಪ ಮೊದಲ ಹೇಳತೈತಿ.”

ಮುಂದಿನ ವರ್ಷ, ಹಿಂಡಿ ಹೇರಿಕೊಂಡು ಒಬ್ಬರೇ ಬರುತ್ತಿದ್ದಾಗ, ಅದೇ ಘಾಟಿನಲ್ಲಿ ಜೀಪಿನೊಂದಿಗೆ ಕಮರಿಗೆ ಬಿದ್ದು ತೀರಿಹೋದರು. ಹಾಡುಹಗಲು. ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಎಲ್ಲವನ್ನೂ ನೋಡಿದ್ದ. ಗಂಡನ ಮಣ್ಣಿಗೆ ಬಂದ ಆ ಮುದುಕ ನನ್ನ ಎದುರು ನಿಲ್ಲಲಾರದೆ ನಿಂತ. ಜೀಪಿನಿಂದ ಏನಾದರೂ ಸದ್ದು ಬಂತೇ ಎಂದು ಅವನನ್ನು ಕೇಳಿದೆ. ಅಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಬಂಧುಗಳು ನನ್ನನ್ನು ನೋಡಿದರು.

“ಇಲ್ರಿ ಅಕ್ಕಾರ. ಒಂಚೂರೂ ಸಪ್ಪಳ ಇರಲಿಲ್ರಿ. ಗಾಳಿ ಹೋದಂಗ ಹೋತ್ರಿ.”

ಮಾರಿದವನ ಮೇಲಿನ ಸಿಟ್ಟು, ಮಿಸ್ತ್ರಿಯ ಮೇಲಿನ ಸಿಟ್ಟು ವರ್ಷ ಕಳೆದಂತೆ ಸವೆದಿದೆ. ಗಂಡನ ಮೇಲಿನ ಸಿಟ್ಟು ಬಂದರೆ ಹಿಂದೆಯೇ ಅಳು ಬರುತ್ತದೆ. ಆದರೆ ಆ ಸದ್ದಿನ ಮೇಲಿನ ಸಿಟ್ಟು ಇದ್ದ ಹಾಗೇ ಇದೆ. ಆ ಸಂಜೆ ಮೂವರೂ ಉಳಿದಿರಲ್ಲ, ದೇವರ ದಯೆ ಎನ್ನುತ್ತಾರೆ ಜನ. ಅದು ಅಂದು ನಮ್ಮನ್ನು ಉಳಿಸಲು ಬಂದಿತ್ತೋ, ಅವರನ್ನು ನಂಬಿಸಲು ಬಂದಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ.